ಗೇರ್ ಬಾಕ್ಸ್ ಬಿಚ್ಚುವ ಮೊದಲು: ಹಳೆಯ ಮಿಲಿಟರಿ ಜೀಪಿನ ಗೇರ್ ತಕರಾರುಗಳನ್ನು ಹುಡುಕುವ ಬಗೆ

ನಂದಿ ಬೆಟ್ಟದಿಂದ ಇಳಿಯುತ್ತಿದ್ದಾಗ ನಮ್ಮ ಭಾವನವರ ಜೀಪಿನ ಗೇರ್ ಲಿವರ್ ಯಾರೂ ಮುಟ್ಟದೆಯೇ ಎರಡನೆಯ ಗೇರಿನಿಂದ ನ್ಯೂಟ್ರಲ್‌ಗೆ ಹಾರಿತು. ಅದುವರೆಗೆ ಗೊಣಗುತ್ತಾ ಗಾಡಿಯನ್ನು ಹಿಡಿದುಕೊಂಡಿದ್ದ ಎಂಜಿನ್ ಸುಮ್ಮನಾಯಿತು, ಜೀಪು ಮಾತ್ರ ಸರಸರನೆ ಓಡತೊಡಗಿತು. ಬ್ರೇಕ್ ಗಟ್ಟಿಯಿದ್ದುದರಿಂದ ತಿರುವಿನ ಮುನ್ನ ನಿಂತೆವು. ಕೆಳಗಿಳಿದ ಮೇಲೆ ತೋರಿಸಿದ ಮೊದಲ ಮೇಸ್ತ್ರಿ ಬಾನೆಟ್ಟನ್ನೂ ಎತ್ತದೆ ಹೇಳಿದರು: "ಗೇರ್ ಬಾಕ್ಸ್ ಇಳಿಸಬೇಕು ಸಾರ್."

ಇಳಿಸಬೇಕಾಗಿರಲಿಲ್ಲ. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಭಾನುವಾರ ಬೆಳಗ್ಗೆ ಚಿಕ್ಕಬಳ್ಳಾಪುರದಿಂದ ನಂದಿಯ ಕಡೆಗೆ ಹೊರಟರೆ ಹಸಿರು ಬಣ್ಣ ಬಳಿದು, ಬಾನೆಟ್ಟಿನ ಮೇಲೆ ಬಿಳಿಯ ನಕ್ಷತ್ರ ಬರೆಸಿಕೊಂಡ ಹಳೆಯ ಜೀಪು ಒಂದಾದರೂ ಕಣ್ಣಿಗೆ ಬೀಳುತ್ತದೆ. ತಾತ ಹರಾಜಿನಲ್ಲಿ ಹಿಡಿದದ್ದು, ತೋಟದ ಮೂಲೆಯಲ್ಲಿ ಕೋಳಿಗೂಡಾಗಿ ಬಿದ್ದಿದ್ದದ್ದು, ಮೊಮ್ಮಗನ ಕೈಯಲ್ಲಿ ಮತ್ತೆ ಜೀವ ಪಡೆದದ್ದು. 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ಬೇರೆಯಾಗಿ ನೋಂದಾಯಿಸುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು. ಅಂಥ ಗಾಡಿಯ ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಅಕ್ಷರಗಳಿರುತ್ತವೆ. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಬಣ್ಣ, ಸೀಟು, ಟೈರುಗಳನ್ನು ದುಡ್ಡು ಕೊಟ್ಟು ಹೊಸದಾಗಿಸಬಹುದು. ಆದರೆ ಇಂದಿನ ಕಾರು ಓಡಿಸಿ ರೂಢಿಯಾದವರು ಈ ಗಾಡಿಯ ಸ್ಟಿಯರಿಂಗ್ ಹಿಡಿದಾಗ ಮೊದಲು ಮುಗ್ಗರಿಸುವುದು ಗೇರಿನಲ್ಲಿ.

ಈ ಲೇಖನದ ಉದಾಹರಣೆ ಎರಡನೆಯ ಮಹಾಯುದ್ಧದ ಜೀಪು: ವಿಲ್ಲಿಸ್ ಎಂಬಿ, ಅದರ ಅವಳಿಯಾದ ಫೋರ್ಡ್ ಜಿಪಿಡಬ್ಲ್ಯೂ. 1941ರಿಂದ 1945ರವರೆಗೆ ಇವೆರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ತಯಾರಾದವು. ಸ್ವಾತಂತ್ರ್ಯದ ನಂತರ ಮುಂಬಯಿಯಲ್ಲಿ ಮಹೀಂದ್ರ ಕಂಪನಿ ಜೋಡಿಸಿ, ಆಮೇಲೆ ತಾನೇ ತಯಾರಿಸಿದ ಜೀಪುಗಳೂ ಇದೇ ಮನೆತನದವು. ಹೀಗಾಗಿ ಇಲ್ಲಿನ ಬಹುಪಾಲು ಮಾತು ಅವುಗಳಿಗೂ ಸಲ್ಲುತ್ತದೆ.

ಶಕ್ತಿ ಸಾಗುವ ದಾರಿ

ಎಂಜಿನ್ ತಿರುಗುತ್ತದೆ, ಚಕ್ರವೂ ತಿರುಗಬೇಕು. ನಡುವೆ ಮೂರು ಠಾಣೆಗಳಿವೆ.

ಮೊದಲನೆಯದು ಕ್ಲಚ್. ಎಂಜಿನ್ನಿನ ಬೆನ್ನಿಗೆ ಫ್ಲೈವೀಲ್ ಎಂಬ ಭಾರವಾದ ಉಕ್ಕಿನ ಚಕ್ರವಿದೆ. ಅದಕ್ಕೆ ಒತ್ತಿಕೊಂಡು ಕ್ಲಚ್ ಪ್ಲೇಟ್, ಪ್ಲೇಟನ್ನು ಹಿಂದಿನಿಂದ ಅದುಮುವ ಪ್ರೆಶರ್ ಪ್ಲೇಟ್. ಎರಡು ತಟ್ಟೆಗಳ ನಡುವೆ ಚಪಾತಿ ಇಟ್ಟು ಅದುಮಿ ತಿರುಗಿಸಿದರೆ ಚಪಾತಿಯೂ ತಿರುಗುತ್ತದೆ. ತಟ್ಟೆಯನ್ನು ತುಸು ಸಡಿಲಿಸಿದರೆ ತಟ್ಟೆಗಳು ತಿರುಗುತ್ತಿದ್ದರೂ ಚಪಾತಿ ನಿಲ್ಲುತ್ತದೆ. ಪೆಡಲ್ ತುಳಿಯುವುದೆಂದರೆ ತಟ್ಟೆ ಸಡಿಲಿಸುವುದು.

ಎರಡನೆಯದು ಗೇರ್ ಬಾಕ್ಸ್. ಯುದ್ಧಕಾಲದ ಜೀಪಿನದಕ್ಕೆ ಟಿ-84 ಎಂದು ಹೆಸರು, ನಂತರದ ಮಾದರಿಗಳಲ್ಲಿ ಬಂದದ್ದು ಟಿ-90. ಎರಡರಲ್ಲೂ ಮುಂದಕ್ಕೆ ಮೂರು ಗೇರ್, ಹಿಂದಕ್ಕೆ ಒಂದು. ಟಿ-84ರ ಮೊದಲ ಗೇರಿನಲ್ಲಿ ಎಂಜಿನ್ ಸುಮಾರು 2.66 ಸುತ್ತು ಹಾಕಿದರೆ ಚಕ್ರಗಳ ಕಡೆಗೆ ಹೋಗುವ ಹಿಂದಿನ ಶಾಫ್ಟ್ (ತಿರುಗುವ ಉಕ್ಕಿನ ದಂಡ) ಒಂದು ಸುತ್ತು ಹಾಕುತ್ತದೆ, ಎರಡನೆಯದರಲ್ಲಿ 1.56ಕ್ಕೆ ಒಂದು, ಮೂರನೆಯದರಲ್ಲಿ ಒಂದಕ್ಕೊಂದು. ವೇಗ ಕಳೆದುಕೊಂಡು ಬಲ ಪಡೆಯುವ ಲೆಕ್ಕ ಇದು. ಕಪಿಲೆ ಬಾವಿಯಲ್ಲಿ ಎತ್ತುಗಳು ನಿಧಾನವಾಗಿ ಇಳಿದರೂ ತುಂಬಿದ ಬಾನಿ ಮೇಲೆ ಬರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೆಯದು ಟ್ರಾನ್ಸ್‌ಫರ್ ಕೇಸ್. ಗೇರ್ ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ. ಬೇಕೆಂದಾಗ ವೇಗವನ್ನು ಮತ್ತೆ ಅರ್ಧಕ್ಕಿಳಿಸಿ ಬಲವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಡುವುದೂ ಇದೇ.

ಗೇರ್ ಹಾಕುವಾಗ ಒಳಗೆ ಆಗುವುದೇನು

ಗೇರ್ ಬಾಕ್ಸಿನಲ್ಲಿ ಮೂರು ಶಾಫ್ಟುಗಳ ಕೆಲಸ ತಿಳಿದರೆ ಸಾಕು. ಮುಂದಿನ ಶಾಫ್ಟ್ ಕ್ಲಚ್ ಪ್ಲೇಟಿಗೆ ಸೇರಿದ್ದು. ಅದಕ್ಕೆ ಸದಾ ಹಲ್ಲು ಕೊಟ್ಟುಕೊಂಡು ಕೆಳಗೆ ತಿರುಗುವುದು ನಡುಶಾಫ್ಟ್. ಮೇಲೆ ಹಿಂದಕ್ಕೆ ಹೋಗುವುದು ಮುಖ್ಯ ಶಾಫ್ಟ್. ಇದು ಚಕ್ರಗಳ ಕಡೆಯದು. ಮುಂದಿನದೂ ನಡುವಿನದೂ ಎಂಜಿನ್ ಕಡೆಯವರಾದರೆ, ಮುಖ್ಯ ಶಾಫ್ಟ್ ರಸ್ತೆಯ ಕಡೆಯವನು. ಗೇರ್ ಹಾಕುವುದೆಂದರೆ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಈ ಎರಡು ಕಡೆಯವರ ಕೈ ಕೂಡಿಸುವುದು.

ಓಡುವ ಬಸ್ಸಿಗೆ ಹತ್ತುವವನನ್ನು ನೆನೆಸಿಕೊಳ್ಳಿ. ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ, ವೇಗ ಸರಿಹೊಂದಿದ ಮೇಲೆ ಕಂಬಿ ಹಿಡಿದರೆ ಸಲೀಸಾಗಿ ಹತ್ತುತ್ತಾನೆ. ನಿಂತಲ್ಲಿಂದಲೇ ಕೈ ಚಾಚಿದರೆ ತೋಳು ಕಳಚಿ ಬರುತ್ತದೆ. ಗೇರಿನ ಹಲ್ಲುಗಳ ಪಾಡೂ ಅದೇ. ವೇಗ ಹೊಂದದಿದ್ದರೆ ಕರಕರ ಸದ್ದು.

ಇಂದಿನ ಕಾರುಗಳಲ್ಲಿ ಮುಂದಿನ ಗೇರ್‌ಗಳಿಗೆಲ್ಲ ಸಿಂಕ್ರೊ ಇರುತ್ತದೆ. ಅದು ಹಿತ್ತಾಳೆ ಜಾತಿಯ ಲೋಹದ ಬಳೆ. ಹಲ್ಲುಗಳು ಸೇರುವ ಮುಂಚೆ ಗೇರಿನ ಶಂಕುವಿಗೆ ಉಜ್ಜಿ, ಒಂದನ್ನು ನಿಧಾನಿಸಿ ಅಥವಾ ಓಡಿಸಿ, ವೇಗ ಸರಿಮಾಡುತ್ತದೆ. ಈ ಜೀಪುಗಳಲ್ಲಿ ಸಿಂಕ್ರೊ ಇರುವುದು ಎರಡನೆಯ ಮತ್ತು ಮೂರನೆಯ ಗೇರಿಗೆ ಮಾತ್ರ. ಮೊದಲ ಗೇರ್ ಮತ್ತು ರಿವರ್ಸ್‌ನಲ್ಲಿ ಇಡೀ ಹಲ್ಲಿನ ಚಕ್ರವೇ ಜಾರಿಕೊಂಡು ಹೋಗಿ ಇನ್ನೊಂದಕ್ಕೆ ಕಚ್ಚಿಕೊಳ್ಳಬೇಕು. ಆದ್ದರಿಂದ ಉರುಳುತ್ತಿರುವ ಜೀಪನ್ನು ಮೊದಲ ಗೇರಿಗೆ ಎಳೆದಾಗ ಕರಕರ ಎಂದರೆ ಅದು ರೋಗವಲ್ಲ, ಗಾಡಿಯ ಹುಟ್ಟುಗುಣ. ನಿಲ್ಲಿಸಿ ಹಾಕಬೇಕು.

ಇನ್ನೊಂದು ಹುಟ್ಟುಗುಣವೂ ಉಂಟು. ಇದರ ಮೊದಲ ಗೇರ್ ಎಡಕ್ಕೆ ಹಿಂದೆ, ಎಡಕ್ಕೆ ಮುಂದಿರುವುದು ರಿವರ್ಸ್. ಕಾರಿನ ಅಭ್ಯಾಸದಲ್ಲಿ ಮೊದಲ ಗೇರೆಂದು ಎಡಕ್ಕೆ ಮುಂದೆ ತಳ್ಳಿ ಹಿಂದಿನ ಕಾಂಪೌಂಡ್ ಗೋಡೆಗೆ ಗುದ್ದಿದವರನ್ನು ನಾನು ಕಂಡಿದ್ದೇನೆ. ಅವರು ನಮ್ಮ ಮನೆಯವರೇ, ಹೆಸರು ಬೇಡ.

ನಿಂತಲ್ಲೇ ಕರಕರ: ಮೊದಲ ಗುಮಾನಿ ಕ್ಲಚ್ಚಿನ ಮೇಲೆ

ಗೇರ್ ಬಾಕ್ಸ್ ಸದ್ದು ಮಾಡುತ್ತದೆ, ಹಾಗಾಗಿ ಬೈಗುಳ ಅದಕ್ಕೇ. ತಪ್ಪು ಮಾತ್ರ ಎಷ್ಟೋ ಸಲ ಅದರ ಮುಂದಿನ ಕ್ಲಚ್ಚಿನದು. ಇದನ್ನು ಮನೆಯ ಅಂಗಳದಲ್ಲೇ ಪರೀಕ್ಷಿಸಬಹುದು.

ಎಂಜಿನ್ ಆರಿಸಿ ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಿ. ಸಲೀಸಾಗಿ ಬಿದ್ದರೆ ಲಿವರ್, ಅದರ ಕೆಳಗೆ ಗೇರನ್ನು ತಳ್ಳುವ ಫೋರ್ಕ್, ಸರಳುಗಳು ಬಹುಮಟ್ಟಿಗೆ ಸರಿಯಿವೆ. ಒಮ್ಮೊಮ್ಮೆ ನಿಂತ ಗಾಡಿಯಲ್ಲಿ ಹಲ್ಲಿನ ತುದಿಗೆ ತುದಿ ಎದುರಾಗಿ ಗೇರ್ ಬೀಳುವುದಿಲ್ಲ. ಮಿಕ್ಸಿಯ ಜಾರ್ ಕೂರದಿದ್ದಾಗ ತುಸು ತಿರುಗಿಸಿ ಕೂರಿಸುವುದಿಲ್ಲವೇ, ಹಾಗೆ ಗಾಡಿಯನ್ನು ಅರ್ಧ ಗೇಣು ತಳ್ಳಿ ಮತ್ತೆ ಹಾಕಿದರೆ ಸಾಕು.

ಈಗ ಎಂಜಿನ್ ಓಡಿಸಿ, ಕ್ಲಚ್ಚನ್ನು ಪೂರ್ತಿ ತುಳಿದು ಹಿಡಿದು, ಹತ್ತರವರೆಗೆ ಎಣಿಸಿ ರಿವರ್ಸ್ ಹಾಕಿ. ಎಣಿಸುವುದು ಏಕೆಂದರೆ, ಪೆಡಲ್ ತುಳಿದ ಮೇಲೂ ಒಳಗಿನ ನಡುಶಾಫ್ಟ್ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ಸುತ್ತುತ್ತಿರುತ್ತದೆ. ಸ್ವಿಚ್ ಆರಿಸಿದ ಫ್ಯಾನ್ ತಿರುಗಿದಂತೆ. ಹತ್ತು ಎಣಿಸಿದ ಮೇಲೆ ಸದ್ದಿಲ್ಲದೆ ಬಿದ್ದರೆ ಕ್ಲಚ್ ಸರಿಯಿದೆ, ನಿಮ್ಮ ಕೈ ಅವಸರದ್ದು. ಆಗಲೂ ಕರಕರ ಎಂದರೆ ಏನೋ ಒಂದು ಮುಂದಿನ ಶಾಫ್ಟನ್ನು ಇನ್ನೂ ತಿರುಗಿಸುತ್ತಿದೆ. ಇದನ್ನು ಮೇಸ್ತ್ರಿಗಳು ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎನ್ನುತ್ತಾರೆ.

ಮೊದಲು ನೋಡಬೇಕಾದದ್ದು ಪೆಡಲಿನ ಪ್ಲೇ. ಪೆಡಲನ್ನು ಕೈಯಿಂದ ಒತ್ತಿದರೆ ಆರಂಭದಲ್ಲಿ ಹಗುರವಾಗಿ ಇಳಿದು, ಒಂದು ಕಡೆ ಬಿಗಿ ತಟ್ಟುತ್ತದೆ. ಆ ಹಗುರ ಓಟ ಯುದ್ಧಕಾಲದ ಜೀಪಿನಲ್ಲಿ ಸುಮಾರು ಮುಕ್ಕಾಲು ಇಂಚು ಇರಬೇಕು. ಎರಡು ಇಂಚಾಗಿದ್ದರೆ ಪೆಡಲ್ ನೆಲ ಮುಟ್ಟಿದರೂ ಕ್ಲಚ್ ಅರ್ಧವೇ ಬಿಟ್ಟಿರುತ್ತದೆ. ಏನೂ ಪ್ಲೇ ಇಲ್ಲದಿದ್ದರೆ ಉಲ್ಟಾ ತೊಂದರೆ: ಕ್ಲಚ್ ಸದಾ ಅರೆಬಿಗಿಯಲ್ಲಿದ್ದು ಜಾರುತ್ತದೆ, ಪೆಡಲ್ ತುಳಿದಾಗ ಕ್ಲಚ್ಚನ್ನು ಒತ್ತಿ ಬಿಡಿಸುವ ರಿಲೀಸ್ ಬೇರಿಂಗ್ ಸವೆಯುತ್ತದೆ. ಯುದ್ಧಕಾಲದ ಮಾದರಿಯಲ್ಲಿ ಪೆಡಲಿನಿಂದ, ಆ ಬೇರಿಂಗನ್ನು ತಳ್ಳುವ ಕ್ಲಚ್ ಫೋರ್ಕಿಗೆ ಕೇಬಲ್ ಹೋಗುತ್ತದೆ, ಅದರ ತುದಿಯ ನಟ್ಟಿನಲ್ಲಿ ಪ್ಲೇ ಹೊಂದಿಸಬಹುದು. ನಂತರದ ಮಾದರಿಗಳಲ್ಲಿ ಸರಳು, ಅಡ್ಡಕೊಳವೆ, ಅವುಗಳ ಕೀಲುಗಳು. ಪ್ರತಿ ಕೀಲಿನಲ್ಲಿ ಒಂದು ನೂಲು ಸವೆದಿದ್ದರೂ ಸಾಕು, ಕಾಲು ತುಳಿದದ್ದರಲ್ಲಿ ಗಣನೀಯ ಪಾಲು ದಾರಿಯಲ್ಲೇ ಸೋರಿಹೋಗುತ್ತದೆ. ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿ ಯಾವ ಕೀಲು ಮೊದಲು ಅಲ್ಲಾಡುತ್ತದೆ, ಯಾವುದು ತಡವಾಗಿ ಎಂದು ನೋಡಬೇಕು. ಎಂಜಿನ್ ಆರಿರಲಿ, ಚಕ್ರಗಳಿಗೆ ಕಲ್ಲು ಕೊಟ್ಟಿರಲಿ.

ಪ್ಲೇ ಸರಿಯಿದ್ದೂ ಕ್ಲಚ್ ಬಿಡದಿದ್ದರೆ ತೊಂದರೆ ಒಳಗಿದೆ. ಎರಡು ಮಳೆಗಾಲ ಶೆಡ್ಡಿನಲ್ಲಿ ನಿಂತ ಗಾಡಿಯಾದರೆ ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಂಡಿರಬಹುದು. ಪೆಡಲ್ ತುಳಿದ ಸ್ಥಿತಿಯಲ್ಲೇ ಅದಕ್ಕೂ ಸೀಟಿನ ಚೌಕಟ್ಟಿಗೂ ನಡುವೆ ಮರದ ತುಂಡು ಕೊಟ್ಟು ಒಂದು ರಾತ್ರಿ ಬಿಟ್ಟರೆ ಕೆಲವೊಮ್ಮೆ ತಾನೇ ಬಿಡಿಸಿಕೊಳ್ಳುತ್ತದೆ. ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಸೋರಿ ಪ್ಲೇಟ್ ಜಿಡ್ಡಾಗಿರಬಹುದು. ಹಳೆಯ ಜೀಪಿನಲ್ಲಿ ಆ ಸೀಲು ಹಗ್ಗದಂಥದ್ದು, ಸೋರುವುದು ಅದಕ್ಕೆ ಅಭ್ಯಾಸ. ರೀಸ್ಟೋರ್ ಮಾಡಿದ ಗಾಡಿಯಲ್ಲಿ ಇನ್ನೂ ಒಂದು ಸಾಧ್ಯತೆ, ಹೇಳಲು ನಾಚಿಕೆ ಎನಿಸಿದರೂ ಆಗುವಂಥದ್ದು: ಹೊಸ ಪ್ಲೇಟನ್ನು ಹಿಂದುಮುಂದಾಗಿ ಜೋಡಿಸಿರುವುದು.

ಕೊನೆಯದಾಗಿ ಪೈಲಟ್ ಬುಷ್. ಎಂಜಿನ್ನಿನ ಹಿಂತುದಿಯಲ್ಲಿ ಬೆರಳು ಹೋಗುವಷ್ಟು ಕುಳಿಯಿದೆ. ಅದರೊಳಗೆ ಕಂಚಿನ ಬುಷ್ (ಕೊಳವೆಯಂಥ ಬಳೆ), ಬುಷ್ಷಿನಲ್ಲಿ ಮುಂದಿನ ಶಾಫ್ಟಿನ ಮೂತಿ. ಕ್ಲಚ್ ತುಳಿದಾಗ ಎಂಜಿನ್ ತಿರುಗುತ್ತಲೇ ಇರುತ್ತದೆ, ಶಾಫ್ಟ್ ನಿಂತಿರಬೇಕು. ಬುಷ್ ಒಣಗಿ ಹಿಡಿದುಕೊಂಡರೆ ಕ್ಲಚ್ ಎಷ್ಟು ಚೆನ್ನಾಗಿ ಬಿಟ್ಟರೂ ಎಂಜಿನ್ ಆ ಮೂತಿಯನ್ನೇ ಹಿಡಿದು ಶಾಫ್ಟನ್ನು ತಿರುಗಿಸುತ್ತದೆ. ಹೊಸ ಕ್ಲಚ್ ಹಾಕಿಸಿದ ಮೇಲೂ ಕರಕರ ಹೋಗಲಿಲ್ಲ ಎನ್ನುವವರು ಈ ಅಗ್ಗದ ಕಂಚಿನ ತುಂಡನ್ನು ಬದಲಿಸಿದ್ದಾರೆಯೇ ಎಂದು ಕೇಳಿ ನೋಡಿ.

ಈ ನಡುವೆ ಗಾಡಿ ಓಡಿಸಲೇಬೇಕಾದರೆ ಹಳೆಯ ಡ್ರೈವರುಗಳ ಉಪಾಯವೊಂದಿದೆ. ನಿಂತ ಗಾಡಿಯಲ್ಲಿ ಮೊದಲು ಎರಡನೆಯ ಗೇರಿನ ಕಡೆಗೆ ಲಿವರ್ ಒತ್ತಿ, ಆಮೇಲೆ ಮೊದಲನೆಯದಕ್ಕೆ ಎಳೆಯುವುದು. ಗಾಡಿ ನಿಂತಿರುವುದರಿಂದ ಮುಖ್ಯ ಶಾಫ್ಟೂ ನಿಂತಿರುತ್ತದೆ. ಎರಡನೆಯ ಗೇರಿನ ಸಿಂಕ್ರೊ ಅದಕ್ಕೆ ಆತು ನಡುಶಾಫ್ಟನ್ನು ಬ್ರೇಕ್ ಹಾಕಿದಂತೆ ನಿಲ್ಲಿಸುತ್ತದೆ. ಎರಡೂ ನಿಂತ ಮೇಲೆ ಮೊದಲ ಗೇರ್ ಬೆಣ್ಣೆಯಂತೆ ಬೀಳುತ್ತದೆ.

ಆಯಿಲ್ ಡಬ್ಬದ ಮೇಲಿನ ಅಕ್ಷರ

ಗಾಡಿಯನ್ನು ಪ್ರೀತಿಸುವವರು ಅಂಗಡಿಗೆ ಹೋಗಿ ಅತಿ ದುಬಾರಿ ಗೇರ್ ಆಯಿಲನ್ನೇ ತಂದು ಸುರಿಯುತ್ತಾರೆ. ಹಳೆಯ ಗೇರ್ ಬಾಕ್ಸಿಗೆ ಅದು ಒಗ್ಗದಿರಬಹುದು.

ಡಬ್ಬದ ಮೇಲೆ ಎರಡು ವಿಷಯ ಬರೆದಿರುತ್ತಾರೆ. ಒಂದು ಮಂದತೆ: ಎಸ್‌ಎಇ 90 ಅಥವಾ 80ಡಬ್ಲ್ಯೂ-90. ಇನ್ನೊಂದು ದರ್ಜೆ: ಜಿಎಲ್-4, ಜಿಎಲ್-5. ಐದು ನಾಲ್ಕಕ್ಕಿಂತ ಮೇಲು ಎನಿಸುವುದು ಸಹಜ. ಆದರೆ ಜಿಎಲ್-5 ಇರುವುದು ಮುಖ್ಯವಾಗಿ ಎಡಬಲದ ಚಕ್ರಗಳಿಗೆ ಶಕ್ತಿ ಹಂಚುವ, ಆಕ್ಸಲ್ಲಿನ ಡಿಫರೆನ್ಷಿಯಲ್‌ಗಾಗಿ. ಅಲ್ಲಿ ಹಲ್ಲುಗಳು ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡ ತಾಳಲೆಂದು ಅದರಲ್ಲಿ ಗಂಧಕ, ರಂಜಕದ ಅಂಶವನ್ನು ಹೆಚ್ಚಾಗಿ ಸೇರಿಸುತ್ತಾರೆ. ಉಕ್ಕಿಗೆ ಅದು ರಕ್ಷೆ. ಸಿಂಕ್ರೊ ಬಳೆ, ಕಂಚಿನ ಬುಷ್‌ಗಳಂಥ ಹಳದಿ ಲೋಹವನ್ನು ಕೆಲವು ಜಿಎಲ್-5 ಆಯಿಲ್‌ಗಳು ನಿಧಾನವಾಗಿ ತಿನ್ನುತ್ತವೆ. ಜೊತೆಗೆ, ಸಿಂಕ್ರೊ ಬಳೆ ಕೆಲಸ ಮಾಡುವುದೇ ಉಜ್ಜಿಕೊಂಡು. ಅತಿ ಜಾರುವ ಆಯಿಲಿನಲ್ಲಿ ಅದು ಪಾಚಿಯ ಮೇಲೆ ಕಾಲಿಟ್ಟಂತೆ ಹಿಡಿತ ತಪ್ಪುತ್ತದೆ, ಗೇರ್ ಬೀಳುವಾಗ ಕರಕ್ಕೆನ್ನುತ್ತದೆ. ಗೇರ್ ಬಾಕ್ಸಿಗೆ ಜಿಎಲ್-4 ಅಥವಾ ಸಾದಾ ಖನಿಜ ಗೇರ್ ಆಯಿಲ್ ಹಾಕುವುದು ಕ್ಷೇಮ.

ಪ್ರಮಾಣವೂ ಅಷ್ಟೇ ಮುಖ್ಯ. ಟಿ-84ಕ್ಕೆ ಬೇಕಾದದ್ದು ಮುಕ್ಕಾಲು ಲೀಟರಿಗಿಂತ ತುಸು ಕಡಿಮೆ. ಟ್ರಾನ್ಸ್‌ಫರ್ ಕೇಸಿಗೆ ಅದರ ಇಮ್ಮಡಿ. ಎರಡು ಪೆಟ್ಟಿಗೆಗಳೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ನಡುವಿನ ತಡೆ ಸವೆದರೆ ಒಂದರ ಆಯಿಲ್ ಇನ್ನೊಂದಕ್ಕೆ ಹರಿಯುತ್ತದೆ. ಒಂದು ಒಣಗಿ, ಇನ್ನೊಂದು ತುಂಬಿ ತುಳುಕುತ್ತದೆ. ಆದ್ದರಿಂದ ಎರಡರ ಪ್ಲಗ್ಗನ್ನೂ ಬಿಚ್ಚಿ ನೋಡಬೇಕು. ಗಾಡಿ ಸಮತಟ್ಟಾಗಿ ನಿಂತಿರುವಾಗ ಆಯಿಲ್ ಪ್ಲಗ್ಗಿನ ತೂತಿನ ಅಂಚಿಗೆ ಬಂದಿರಬೇಕು.

ಹಳೆಯ ಆಯಿಲ್ ಇಳಿಸುವಾಗ ಬಿಳಿಯ ತಟ್ಟೆಗೆ ಹಿಡಿಯಿರಿ, ಅದರಲ್ಲಿ ಆಯಸ್ಕಾಂತ ಆಡಿಸಿ. ಆಯಸ್ಕಾಂತಕ್ಕೆ ಅಂಟುವ ನುಣುಪಾದ ಕಪ್ಪು ಕೆಸರು ಸಾಮಾನ್ಯ ಸವೆತದ್ದು. ಅಂಟದೆ ಚಿನ್ನದ ಪುಡಿಯಂತೆ ಮಿನುಗುವುದು ಸಿಂಕ್ರೊ ಬಳೆಯದು. ಕೋಲಾರದ ಚಿನ್ನ ಕಂಡು ಹಿಗ್ಗಬೇಕು, ಈ ಚಿನ್ನ ಕಂಡು ಅಲ್ಲ. ಉಗುರಿನಷ್ಟು ಉಕ್ಕಿನ ಚೂರು ಸಿಕ್ಕರೆ ಅದು ಹಲ್ಲಿನ ತುಂಡು. ಗಾಡಿಯನ್ನು ಮತ್ತೆ ಓಡಿಸಬೇಡಿ.

ಎರಡು ಸಲ ಕ್ಲಚ್ ತುಳಿಯುವ ವಿದ್ಯೆ

ಸಿಂಕ್ರೊ ಸವೆದಿದ್ದರೂ ಗೇರನ್ನು ಸದ್ದಿಲ್ಲದೆ ಹಾಕಬಹುದು. ಬಳೆ ಮಾಡುವ ಕೆಲಸವನ್ನು ಕಾಲು ಮಾಡಬೇಕು. ಹಿಂದಿನ ಲಾರಿ ಡ್ರೈವರುಗಳು ದಿನವೂ ಮಾಡುತ್ತಿದ್ದದ್ದು ಇದನ್ನೇ. ಡಬಲ್ ಕ್ಲಚ್ ಎನ್ನುತ್ತಾರೆ.

ಮೂರನೆಯ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 1,500 ಸುತ್ತು ಓಡುತ್ತಿದೆ ಎನ್ನಿ. ಅದೇ ವೇಗದಲ್ಲಿ ಎರಡನೆಯದಕ್ಕೆ ಇಳಿಸಿದರೆ ಎಂಜಿನ್ ಕಡೆ 1,500ರ 1.56 ಪಟ್ಟು, ಅಂದರೆ ಸುಮಾರು 2,350 ಸುತ್ತಿನಲ್ಲಿರಬೇಕು. ಬಸ್ಸಿನ ಜೊತೆ ಓಡಬೇಕಾದ ನಾಲ್ಕು ಹೆಜ್ಜೆ ಈ 850 ಸುತ್ತು. ಕ್ಲಚ್ ತುಳಿದು ಲಿವರನ್ನು ನ್ಯೂಟ್ರಲ್‌ಗೆ ತನ್ನಿ. ಕ್ಲಚ್ ಬಿಟ್ಟು ಆಕ್ಸಿಲರೇಟರನ್ನು ಒಮ್ಮೆ ಝಾಡಿಸಿ. ಕ್ಲಚ್ ಬಿಟ್ಟಿರುವುದರಿಂದ ಎಂಜಿನ್ನಿನ ಜೊತೆ ನಡುಶಾಫ್ಟೂ ವೇಗ ಹಿಡಿಯುತ್ತದೆ; ಇದಕ್ಕೇ ಎರಡು ಸಲ ತುಳಿಯುವುದು. ತಡಮಾಡದೆ ಮತ್ತೆ ಕ್ಲಚ್ ತುಳಿದು ಎರಡನೆಯ ಗೇರ್ ಹಾಕಿ. ಮೇಲಿನ ಗೇರಿಗೆ ಹೋಗುವಾಗ ಝಾಡಿಸುವುದು ಬೇಡ. ಅಲ್ಲಿ ವೇಗ ಇಳಿಯಬೇಕು, ಆದ್ದರಿಂದ ನ್ಯೂಟ್ರಲ್‌ನಲ್ಲಿ ಒಂದು ಉಸಿರು ತಡೆದರೆ ಸಾಕು.

ಕಾಲಿಗೆ ಲಯ ಸಿಗಲು ದಿನಗಳು ಹಿಡಿಯುತ್ತವೆ. ಸಿಕ್ಕ ಮೇಲೆ ಗೇರ್ ತಾನೇ ಕೈಯಿಂದ ಲಿವರನ್ನು ಎಳೆದುಕೊಂಡಂತೆ ಒಳಗೆ ಹೋಗುತ್ತದೆ. ಡಬಲ್ ಕ್ಲಚ್ಚಿನಲ್ಲಿ ಸದ್ದಿಲ್ಲದೆ ಬೀಳುವ ಗೇರ್ ಒಂದೇ ತುಳಿತದಲ್ಲಿ ಕರಕರ ಎಂದರೆ ರೋಗ ಯಾವುದೆಂದೂ ಗೊತ್ತಾದಂತೆ: ಆ ಗೇರಿನ ಸಿಂಕ್ರೊ ಸವೆದಿದೆ.

ಗೇರ್ ತಾನಾಗಿ ಕಳಚಿಕೊಂಡರೆ

ನಂದಿಯ ಇಳಿಜಾರಿಗೆ ಬರೋಣ. ಗೇರ್ ಬಿದ್ದ ಮೇಲೆ ಅದನ್ನು ಅಲ್ಲೇ ಹಿಡಿದಿಡುವುದು ಏನು? ಲಿವರಿನ ಕೆಳಗೆ ಎರಡು ಉಕ್ಕಿನ ಸರಳುಗಳಿವೆ. ಪ್ರತಿ ಸರಳಿಗೂ ಒಂದು ಫೋರ್ಕ್, ಗೇರನ್ನು ಹಿಂದೆ ಮುಂದೆ ತಳ್ಳುವ ಕವಲು. ಸರಳಿನಲ್ಲಿ ಕುಳಿಗಳಿವೆ, ಸ್ಪ್ರಿಂಗಿನ ಬಲದಿಂದ ಒಂದು ಗುಂಡು ಆ ಕುಳಿಯಲ್ಲಿ ಕೂರುತ್ತದೆ. ಬೀರುವಿನ ಬಾಗಿಲು ಟಕ್ಕೆಂದು ಕೂರುತ್ತದಲ್ಲ, ಅಂಥದ್ದೇ ಚಿಲಕ. ಸ್ಪ್ರಿಂಗ್ ಸೋತರೆ, ಕುಳಿಯ ಅಂಚು ಸವೆದರೆ ಗುಂಡು ನಿಲ್ಲುವುದಿಲ್ಲ.

ಆದರೆ ಚಿಲಕ ಹೊರುವ ಭಾರ ಸ್ವಲ್ಪವೇ. ಹಲ್ಲುಗಳು ಪೂರ್ತಿ ಕಚ್ಚಿಕೊಂಡಿದ್ದರೆ ಗೇರ್ ತನ್ನಷ್ಟಕ್ಕೆ ನಿಲ್ಲುತ್ತದೆ. ಅರ್ಧವೇ ಕಚ್ಚಿದ್ದರೆ, ಅಥವಾ ಹಲ್ಲುಗಳು ಸವೆದು ಓರೆಯಾಗಿದ್ದರೆ, ಒತ್ತಡ ಬಿದ್ದಾಗೆಲ್ಲ ಆ ಓರೆ ಗೇರನ್ನು ಹೊರಕ್ಕೆ ತಳ್ಳುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಚಕ್ರಗಳು ಎಂಜಿನ್ನನ್ನು ಎಳೆಯುತ್ತವೆ, ಒತ್ತಡದ ದಿಕ್ಕು ತಿರುಗುತ್ತದೆ. ಕಳಚಿಕೊಳ್ಳುವುದು ಬಹುತೇಕ ಆಗಲೇ. ಏರುವಾಗ ಕಳಚುತ್ತದೋ ಇಳಿಯುವಾಗಲೋ ಎಂಬುದನ್ನು ಬರೆದಿಟ್ಟುಕೊಳ್ಳಿ. ಮೇಸ್ತ್ರಿಗೆ ಅದು ಅರ್ಧ ಉತ್ತರ.

ಗೇರ್ ಬಾಕ್ಸ್ ಮತ್ತು ಎಂಜಿನ್ ಒಂದೇ ನೇರದಲ್ಲಿ ಇಲ್ಲದಿದ್ದರೂ ಹೀಗಾಗುತ್ತದೆ. ನಡುವಿನ ಹೌಸಿಂಗಿನ ಬೋಲ್ಟ್ ಸಡಿಲವಾಗಿರಬಹುದು. ಜೋಡಿಸುವಾಗ ಎರಡು ಮೈಗಳ ನಡುವೆ ಬಣ್ಣದ ಪದರವೋ ಕಸವೋ ಸಿಕ್ಕಿರಬಹುದು. ಎಂಜಿನ್ ಕೂತಿರುವ ರಬ್ಬರ್ ಕುಸಿದಿರಬಹುದು. ಬೇರಿಂಗ್ ಸವೆದು ಮುಖ್ಯ ಶಾಫ್ಟ್ ಹಿಂದೆ ಮುಂದೆ ಓಲಾಡುತ್ತಿದ್ದರೆ ಪ್ರತಿ ಓಲಾಟವೂ ಗೇರನ್ನು ಸ್ವಲ್ಪ ಸ್ವಲ್ಪವೇ ಕಳಚುತ್ತದೆ.

ನಮ್ಮ ಜೀಪಿನಲ್ಲಿ ಇದು ಯಾವುದೂ ಆಗಿರಲಿಲ್ಲ. ಎರಡನೆಯ ಮೇಸ್ತ್ರಿ ವಯಸ್ಸಾದವರು, ಮಾತು ಕಡಿಮೆ. ಎಂಜಿನ್ ಆರಿಸಿ ಲಿವರನ್ನು ಎರಡನೆಯ ಗೇರಿಗೆ, ಬಲಕ್ಕೆ ಮುಂದಕ್ಕೆ, ತಳ್ಳಿದರು. ಲಿವರಿನ ಕಾಂಡಕ್ಕೆ ಕಣ್ಣು ಹತ್ತಿರ ತಂದು ನೋಡಿ, ಭಾವನವರ ಬೆರಳನ್ನು ಹಿಡಿದು ಅಲ್ಲಿಗೆ ಮುಟ್ಟಿಸಿದರು. ಹೊಸ ಹಸಿರು ಬಣ್ಣದ ಮೇಲೆ ಭತ್ತದ ಕಾಳಿನಷ್ಟು ಉದ್ದದ ಗೀರು, ಒಳಗೆ ಬರಿ ಉಕ್ಕು ಹೊಳೆಯುತ್ತಿತ್ತು. ಅದಕ್ಕೆ ಸರಿಯಾಗಿ, ನೆಲದಿಂದ ಲಿವರ್ ಹೊರಬರುವ ತಗಡಿನ ಮುಚ್ಚಳದ ತೂತಿನ ಮುಂದಿನ ಅಂಚಿನಲ್ಲೂ ಬಣ್ಣ ಹೋಗಿತ್ತು. ಬಾಡಿಯ ಕೆಲಸದಲ್ಲಿ ಹೊಸದಾಗಿ ಮಾಡಿಸಿದ ಮುಚ್ಚಳ ಅರ್ಧ ಇಂಚು ಹಿಂದಕ್ಕೆ ಕೂತಿತ್ತು. ಗೇರ್ ಪೂರ್ತಿ ಕೂರುವ ಮೊದಲೇ ಲಿವರ್ ತಗಡಿಗೆ ತಗುಲಿ ನಿಂತುಬಿಡುತ್ತಿತ್ತು. ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದು ಮತ್ತೆ ಗೇರ್ ಹಾಕಿದರು. ಈ ಸಲ ಕೇಳಿದ ಟಕ್ ಬೇರೆಯೇ ಆಗಿತ್ತು, ತುಂಬುದನಿಯದು. ಅರ ಹಿಡಿದು ತೂತನ್ನು ಅಗಲಿಸಲು ಕಾಲು ಗಂಟೆ ಹಿಡಿಯಿತು.

ಹೊಸದಾಗಿ ರೀಸ್ಟೋರ್ ಮಾಡಿದ ಗಾಡಿಯಲ್ಲಿ ಕಳಚಾಟ ಶುರುವಾದರೆ ಮೊದಲು ಆ ಮುಚ್ಚಳ, ಲಿವರಿನ ರಬ್ಬರ್ ಬೂಟು ತೆಗೆದು ಓಡಿಸಿ ನೋಡಿ. ಖರ್ಚಿಲ್ಲದ ಪರೀಕ್ಷೆ.

ಲಿವರ್ ಎಲ್ಲಿಗೂ ಬರದಿದ್ದರೆ

ಗುಂಡಿನ ಚಿಲಕದ ಜೊತೆ ಇನ್ನೊಬ್ಬ ಕಾವಲುಗಾರನಿದ್ದಾನೆ. ಎರಡು ಸರಳುಗಳ ನಡುವೆ ಅಡ್ಡ ಕೂತ ಚಿಕ್ಕ ಪಿನ್ನು. ಒಂದು ಸರಳು ಸರಿದಾಗ ಇನ್ನೊಂದನ್ನು ಅಲುಗದಂತೆ ಹಿಡಿಯುತ್ತದೆ. ಎರಡು ಗೇರ್ ಒಟ್ಟಿಗೆ ಬಿದ್ದರೆ ಗೇರ್ ಬಾಕ್ಸ್ ಕಲ್ಲಿನಂತೆ ಸ್ತಂಭಿಸುತ್ತದೆ. ಯಾರೋ ಬಿಚ್ಚಿ ಜೋಡಿಸುವಾಗ ಈ ಪಿನ್ನನ್ನು ಕಳೆದುಹಾಕಿದ್ದರೆ, ಅಥವಾ ಲಿವರಿನ ಕೆಳತುದಿ ಸವೆದು ಸರಳಿನ ಕಚ್ಚಿನಿಂದ ಜಾರಿದರೆ, ಲಿವರ್ ಸಿಕ್ಕಿಕೊಳ್ಳುತ್ತದೆ ಇಲ್ಲವೇ ಗಂಜಿಯಲ್ಲಿ ಸೌಟು ಆಡಿಸಿದಂತೆ ಎತ್ತಲೂ ತಿರುಗುತ್ತದೆ. ಬಲ ಹಾಕಿ ಎಳೆಯಬೇಡಿ, ಫೋರ್ಕ್ ಬಾಗುತ್ತದೆ. ಗೇರ್ ಬಾಕ್ಸ್ ಇಳಿಸದೆಯೇ ಮೇಲಿನ ಮುಚ್ಚಳ ಬಿಚ್ಚಿದರೆ ಸರಳು, ಫೋರ್ಕ್ ಎಲ್ಲ ಅದರ ಜೊತೆಗೇ ಎದ್ದು ಬರುತ್ತವೆ.

ಪಕ್ಕದ ಎರಡು ಲಿವರ್‌ಗಳು

ಗೇರ್ ಲಿವರಿನ ಬಲಪಕ್ಕದ ಎರಡು ಗಿಡ್ಡ ಲಿವರ್‌ಗಳು ಟ್ರಾನ್ಸ್‌ಫರ್ ಕೇಸಿನವು. ಒಂದು ಮುಂದಿನ ಚಕ್ರಗಳಿಗೆ ಶಕ್ತಿ ಕೊಡುತ್ತದೆ, ಇನ್ನೊಂದು ಹೈ (ಸಾಮಾನ್ಯ ವೇಗ), ಲೋ (ಅರ್ಧ ವೇಗ, ಹೆಚ್ಚು ಬಲ) ಬದಲಿಸುತ್ತದೆ. ಮುಂದಿನ ಚಕ್ರ ಸೇರಿಸದೆ ಲೋ ಬೀಳದಂತೆ ಒಳಗೇ ತಡೆಯಿದೆ. ಅದು ಬೀಳಲಿಲ್ಲವೆಂದು ಕೆಟ್ಟಿದೆ ಎಂದುಕೊಳ್ಳಬೇಡಿ.

ಇಲ್ಲಿ ಹೆಚ್ಚಾಗಿ ಕೇಳುವ ದೂರು, ನಾಲ್ಕು ಚಕ್ರದಿಂದ ಎರಡಕ್ಕೆ ಲಿವರ್ ವಾಪಸು ಬರುತ್ತಿಲ್ಲ ಎಂಬುದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹಾಕುತ್ತವೆ. ಮಣ್ಣಿನಲ್ಲಾದರೆ ಟೈರು ಜಾರಿ ಲೆಕ್ಕ ಸರಿಯಾಗುತ್ತದೆ. ಟಾರು ರಸ್ತೆಯಲ್ಲಿ ಜಾರುವುದಿಲ್ಲ; ಶಾಫ್ಟುಗಳು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡು ಬಿಗಿಯುತ್ತವೆ, ಹಲ್ಲುಗಳು ಆ ಬಿಗಿಯಲ್ಲಿ ಸಿಕ್ಕಿಬೀಳುತ್ತವೆ. ಗಾಡಿಯನ್ನು ನೇರವಾಗಿ ಹತ್ತು ಹದಿನೈದು ಅಡಿ ಹಿಂದಕ್ಕೆ ಓಡಿಸಿದರೆ ಬಿಗಿ ಸಡಿಲಿ ಲಿವರ್ ಬರುತ್ತದೆ. ಮುಂದೆ ಹೊಸ ಟೈರು, ಹಿಂದೆ ಸವೆದದ್ದು ಹಾಕಿದ್ದರೆ ನೇರ ರಸ್ತೆಯಲ್ಲೂ ಹೀಗೇ ಆಗುತ್ತದೆ.

ಸದ್ದು ಕೇಳಿ ಜಾಗ ಹಿಡಿಯುವುದು

ಎಂಜಿನ್ ಓಡುತ್ತಿದ್ದು, ಗೇರ್ ನ್ಯೂಟ್ರಲ್‌ನಲ್ಲಿದ್ದು, ಕ್ಲಚ್ ಬಿಟ್ಟಾಗ ಗುರ್ ಎನ್ನುವ ಸದ್ದು ಪೆಡಲ್ ತುಳಿದ ಕೂಡಲೇ ನಿಂತರೆ, ಅದು ಮುಂದಿನ ಶಾಫ್ಟಿನ ಅಥವಾ ನಡುಶಾಫ್ಟಿನ ಬೇರಿಂಗ್. ಪೆಡಲ್ ತುಳಿದಾಗಲೇ ಕಿರ್ರ್ ಎಂದು ಹುಟ್ಟಿದರೆ ರಿಲೀಸ್ ಬೇರಿಂಗ್ ಇಲ್ಲವೇ ಪೈಲಟ್ ಬುಷ್. ಮೊದಲ ಎರಡು ಗೇರಿನಲ್ಲಿ ಅರಚಿ, ಮೂರನೆಯದರಲ್ಲಿ ತಣ್ಣಗಾದರೆ ನಡುಶಾಫ್ಟಿನ ಹಲ್ಲುಗಳನ್ನು ನೋಡಿ: ಮೂರನೆಯದರಲ್ಲಿ ಮುಂದಿನ ಶಾಫ್ಟ್ ನೇರವಾಗಿ ಮುಖ್ಯ ಶಾಫ್ಟಿಗೆ ಸೇರುವುದರಿಂದ ನಡುಶಾಫ್ಟ್ ಭಾರ ಹೊರುವುದಿಲ್ಲ. ಎಲ್ಲ ಗೇರಿನಲ್ಲೂ, ನ್ಯೂಟ್ರಲ್‌ನಲ್ಲಿ ಉರುಳುವಾಗಲೂ ಸದ್ದಿದ್ದರೆ ಅದು ಗೇರ್ ಬಾಕ್ಸಿನ ಹಿಂದಿನದು: ಟ್ರಾನ್ಸ್‌ಫರ್ ಕೇಸ್ ಅಥವಾ ಆಕ್ಸಲ್.

ಬಿಚ್ಚಲೇಬೇಕಾದಾಗ

ತಟ್ಟೆಯಲ್ಲಿ ಹಲ್ಲಿನ ಚೂರು ಬಿದ್ದಿದ್ದರೆ, ಬೇರಿಂಗ್ ಗುರುಗುಟ್ಟುತ್ತಿದ್ದರೆ, ನೆಲದ ತಗಡಿನ ಮುಚ್ಚಳ ತೆಗೆದ ಮೇಲೂ ಗೇರ್ ಕಳಚುತ್ತಿದ್ದರೆ ಬೇರೆ ದಾರಿಯಿಲ್ಲ. ಬಿಡಿಭಾಗ ತರು‍ವ ಮುಂಚೆ ಒಳಗಿರುವುದು ಯಾವ ಗೇರ್ ಬಾಕ್ಸ್ ಎಂದು ಖಚಿತಮಾಡಿಕೊಳ್ಳಿ. ನಮ್ಮ ಕಡೆಯ ಜೀಪುಗಳು ಎಂಟು ದಶಕಗಳಲ್ಲಿ ಎಷ್ಟು ಕೈ ಬದಲಿಸಿವೆಯೋ! ಯುದ್ಧಕಾಲದ ಬಾಡಿಯ ಕೆಳಗೆ ಮಹೀಂದ್ರದ ಟಿ-90 ಕೂತಿರುವುದು ಅಪರೂಪವಲ್ಲ. ಟಿ-84ರ ಬಳೆಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು ತಂದು, ಬಿಚ್ಚಿದಾಗ ಒಳಗೆ ಟಿ-90 ನೋಡಿ ತಲೆಯ ಮೇಲೆ ಕೈ ಹೊತ್ತುಕೊಳ್ಳುವುದಕ್ಕಿಂತ ಮೊದಲು ಬಿಚ್ಚಿ, ಹಳೆಯ ತುಂಡನ್ನು ಕೈಯಲ್ಲಿ ಹಿಡಿದೇ ಹೋಗಿ. ಫೋರ್ಡ್ ಕಂಪನಿ ಯುದ್ಧಕಾಲದಲ್ಲಿ ತನ್ನ ಭಾಗಗಳ ಮೇಲೆ 'ಎಫ್' ಅಕ್ಷರ ಒತ್ತುತ್ತಿತ್ತು. ಅದು ಸಿಕ್ಕರೆ ಎಸೆಯಬೇಡಿ.

ಬುಷ್‌ಗಳಿಗಂತೂ ಅಲೆಯಬೇಕಿಲ್ಲ. ಒಳ್ಳೆಯ ಲೇತ್ ಕೆಲಸಗಾರರು ಕಂಚಿನ ಸರಳಿನಿಂದ ತಿರುವಿ ಕೊಡುತ್ತಾರೆ. ಗಣಿ, ಕಾರ್ಖಾನೆಗಳಲ್ಲಿ ಕೈ ಪಳಗಿದವರು ಕೆ.ಜಿ.ಎಫ್.ನಲ್ಲಿ ಇನ್ನೂ ಇದ್ದಾರೆ. ಶಾಫ್ಟನ್ನೂ ಜೊತೆಗೆ ಒಯ್ಯಿರಿ, ಬರಿಯ ಅಳತೆ ಹೇಳಿ ಬರಬೇಡಿ.

ಮತ್ತೆ ಮುಚ್ಚುವಾಗ ಒಂದು ಎಚ್ಚರ. ಕೆಳಗಿನ ಗೇರುಗಳೂ ಮುಚ್ಚಳದಲ್ಲಿರುವ ಸರಳುಗಳೂ ನ್ಯೂಟ್ರಲ್‌ನಲ್ಲಿರಬೇಕು. ಫೋರ್ಕಿನ ಕವಲುಗಳು ಗೇರಿನ ಕಚ್ಚಿನಲ್ಲಿ ಕೂತಿವೆಯೇ ಎಂದು ನೋಡಿದ ಮೇಲೆಯೇ ಬೋಲ್ಟ್ ಬಿಗಿಯಬೇಕು. ಬಿಗಿದ ಮೇಲೆ, ನೆಲದ ತಗಡು ಹಾಕುವ ಮುಂಚೆ, ಪ್ರತಿ ಗೇರನ್ನೂ ಒಮ್ಮೆ ಹಾಕಿ ತೆಗೆದು ಆ ಟಕ್ ಸದ್ದನ್ನು ಕಿವಿಯಾರೆ ಕೇಳಿಕೊಳ್ಳಿ. ತಗಡು ಹಾಕಿದ ಮೇಲೂ ಅದೇ ಸದ್ದು ಬರಬೇಕು.